ಮುಳುಗಡೆಯವರ ನೆನಪಿನ ಸಭೆಯಲ್ಲಿ ಹಾಡುವವರ ಪಾಲು ಎಷ್ಟು?

ಪ್ರಶ್ನೆ: ಸಾಗರದ ಸಂಗೀತ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಸಾಗರದಲ್ಲಿ 18 ವರ್ಷಗಳಿಂದ ಮಕ್ಕಳಿಗೆ ಸುಗಮ ಸಂಗೀತವನ್ನೂ ಹಾರ್ಮೋನಿಯಂ ನುಡಿಸುವುದನ್ನೂ ಕಲಿಸುತ್ತಿದ್ದೇನೆ. ಸಭೆ ಸಮಾರಂಭಗಳಲ್ಲಿ ನಮ್ಮಂಥವರ ಪಾತ್ರ ಏನೆಂಬುದು ನಿಮಗೆ ತಿಳಿದೇ ಇದೆ. ಆಮಂತ್ರಣ ಪತ್ರಿಕೆಯಲ್ಲಿ ‘ಪ್ರಾರ್ಥನೆ’ ಎಂಬ ಸಾಲಿನ ಮುಂದೆ ಹೆಸರು ಬರುತ್ತದೆ. ಹಾಡು ಮುಗಿದ ಕೂಡಲೇ ಹಾರ್ಮೋನಿಯಂ ಪೆಟ್ಟಿಗೆಯನ್ನು ಪರದೆಯ ಹಿಂದಕ್ಕೆ ಸರಿಸಿ ಅತಿಥಿಗಳ ಕುರ್ಚಿಗಳಿಗೆ ಜಾಗ ಬಿಡಬೇಕಾಗುತ್ತದೆ. ಇದುವರೆಗೆ ಅದರ ಬಗ್ಗೆ ನಾನು ಹೆಚ್ಚು ಯೋಚಿಸಿದವಳಲ್ಲ.

ಕಳೆದ ತಿಂಗಳು ಶಿವಮೊಗ್ಗ ತಾಲ್ಲೂಕಿನ ಕಾಡಂಚಿನ ಒಂದು ಊರಿನಿಂದ ಮೂವರು ಮನೆಗೆ ಬಂದಿದ್ದರು. ಲಿಂಗನಮಕ್ಕಿ ಅಣೆಕಟ್ಟೆಗಾಗಿ 1960ರ ದಶಕದ ಆರಂಭದಲ್ಲಿ ಶರಾವತಿ ಕಣಿವೆಯಿಂದ ಎಬ್ಬಿಸಿ ತಂದು ಇಳಿಸಿದ ಕುಟುಂಬಗಳಿಗೆ ಸೇರಿದವರು. ಬರುವ ಮೇ ತಿಂಗಳಲ್ಲಿ, ಮಳೆಗಾಲ ಹಿಡಿಯುವ ಮೊದಲು, ಮುಳುಗಿದ ಊರುಗಳನ್ನೂ ಬದಲಿಗೆ ಕೊಟ್ಟ ಜಮೀನಿನ ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಅಲೆದು ಅದನ್ನು ಕಾಣದೆಯೇ ತೀರಿಕೊಂಡ ಹಿರಿಯರನ್ನೂ ನೆನೆಯುವ ಒಂದು ಸಂಜೆಯ ಸಭೆಯನ್ನು ಅವರು ನಡೆಸಬೇಕೆಂದಿದ್ದಾರೆ. ಅದಕ್ಕೆ ನಾನು ಬಂದು ಹಾಡಬೇಕಂತೆ. ಪ್ರಾರ್ಥನೆಯನ್ನಲ್ಲ, ಇಡೀ ಸಭೆಯ ಹಾಡಿನ ಹೊಣೆಯನ್ನೇ ಹೊರಬೇಕಂತೆ.

ಒಪ್ಪಿಕೊಂಡಿದ್ದೇನೆ, ಆದರೆ ಅಳುಕು ಹೋಗಿಲ್ಲ. ನಾನು ಮುಳುಗಡೆಯ ಮನೆತನದವಳಲ್ಲ. ಆ ನೀರಿನಿಂದ ಹುಟ್ಟಿದ ವಿದ್ಯುತ್ತಿನ ಬೆಳಕಿನಲ್ಲಿ ಪೇಟೆಯಲ್ಲಿ ಕುಳಿತು ಸಂಗೀತ ಕಲಿತವಳು. ಅವರ ದುಃಖವನ್ನು ನನ್ನ ದನಿಯಲ್ಲಿ ಹಾಡುವುದು ಎಷ್ಟು ಸರಿ? ಅಲ್ಲದೆ ನನಗೆ ಬರುವುದೆಲ್ಲ ಭಾವಗೀತೆಗಳು. ಕಣ್ಣಲ್ಲಿ ನೀರು ತರಿಸುವುದು ಕಷ್ಟವಲ್ಲ. ಕಣ್ಣೀರು ಒರೆಸಿಕೊಂಡು ಎದ್ದುಹೋದರೆ ಅವರ ಹೋರಾಟಕ್ಕೆ ನನ್ನಿಂದ ಏನು ಒದಗಿದಂತಾಯಿತು ಎಂಬುದೇ ಪ್ರಶ್ನೆ. ಸಂಭಾವನೆಯ ಮಾತನ್ನೂ ಅವರೇ ಎತ್ತಿದರು, ನಾನು ಉತ್ತರಿಸಲಿಲ್ಲ. ಇಂಥ ಸಭೆಗಳಲ್ಲಿ ಹಾಡಿದ, ನುಡಿಸಿದ ಅಥವಾ ಕೂತು ಕೇಳಿದ ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಕರೂರು ಹೋಬಳಿಯ ನಿವೃತ್ತ ಮೇಷ್ಟ್ರು

ತಂಗೀ, ನಿಮ್ಮ ಅಳುಕು ಒಳ್ಳೆಯದೇ. ಅದನ್ನು ಪೂರ್ತಿ ಕಳೆದುಕೊಳ್ಳಬೇಡಿ. ನಾನು ಹಿನ್ನೀರಿನ ಈ ದಡದಲ್ಲೇ ಹುಟ್ಟಿ ಬೆಳೆದವನು. ಮುಳುಗಿದ ಊರುಗಳವರಲ್ಲಿ ಕೆಲವರು ನಮ್ಮ ನೆಂಟರು, ಕೆಲವರು ನಮ್ಮ ತಂದೆಯವರ ಜೊತೆ ಗೇಣಿ ಮಾಡಿದವರು. ನಮ್ಮಲ್ಲಿ ನೆನಪು ಎರಡು ಪದರದ್ದು. 1948ರಲ್ಲಿ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟೆ ಆದಾಗ ಒಂದು ಸಲ ನೀರು ಬಂತು; 1964ರ ಹೊತ್ತಿಗೆ ಲಿಂಗನಮಕ್ಕಿ ಮುಗಿದಾಗ ಆ ಹಳೆಯ ಅಣೆಕಟ್ಟೆಯೇ ನೀರಿನೊಳಗೆ ಹೋಯಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಅದರ ಕಲ್ಲುಕಟ್ಟಡ ಮೇಲೆ ಕಾಣುತ್ತದೆ, ಜನ ಫೋಟೋ ತೆಗೆಯಲು ಬರುತ್ತಾರೆ. ಊರುಗಳು ಮಾತ್ರ ಹಾಗೆ ಮೇಲೆದ್ದು ಬರುವುದಿಲ್ಲ. ಜಲಾಶಯದ ಪೂರ್ಣ ಮಟ್ಟ 1819 ಅಡಿ ಎಂಬುದನ್ನು ಪ್ರತಿ ಮಳೆಗಾಲ ಪತ್ರಿಕೆಯವರು ತಪ್ಪದೆ ಬರೆಯುತ್ತಾರೆ. ಆ ಅಂಕೆಯ ಕೆಳಗೆ ಯಾವ ಯಾವ ಕೇರಿ, ಯಾವ ಗದ್ದೆಬಯಲು, ಯಾವ ಭೂತನ ಕಟ್ಟೆ ಇದ್ದವು ಎಂಬುದನ್ನು ಬರೆದಿಟ್ಟವರು ಕಡಿಮೆ.

ಆದ್ದರಿಂದ ನನ್ನ ಮೊದಲ ಸಲಹೆ ಇದು. ಏನು ಹಾಡಬೇಕೆಂದು ನಿಮ್ಮ ಹಾಡಿನ ಪುಸ್ತಕದಲ್ಲಿ ಹುಡುಕುವ ಮುನ್ನ ಆ ಊರಿಗೆ ಎರಡು ಮೂರು ಸಲ ಸುಮ್ಮನೆ ಹೋಗಿ ಬನ್ನಿ. ಎಪ್ಪತ್ತು ದಾಟಿದ ಹೆಂಗಸರ ಹತ್ತಿರ ಕುಳಿತು ಮದುವೆಯ ಸೋಬಾನೆ, ನಾಟಿಯ ಪದ, ಬೀಸುವ ಪದ ಯಾವುದು ನೆನಪಿದೆ ಎಂದು ಕೇಳಿ. ಮೊದಲು “ನಮಗೇನು ಬರ್ತದೆ, ಎಲ್ಲ ಮರ್ತೋಗಿದೆ” ಎನ್ನುತ್ತಾರೆ. ಒಬ್ಬರು ಒಂದು ಸಾಲು ತಪ್ಪು ಹೇಳಿದರೆ ಸಾಕು, ಇನ್ನೊಬ್ಬರು ತಿದ್ದಲು ಬಾಯಿ ತೆರೆಯುತ್ತಾರೆ. ಆ ಪದಗಳಲ್ಲಿ ಅಣೆಕಟ್ಟೆಯ ಮಾತು ಇರುವುದಿಲ್ಲ; ತವರಿನ ದಾರಿ, ದಾಟುವ ಹೊಳೆ, ಹಟ್ಟಿಯ ದನ ಇರುತ್ತವೆ. ತವರೇ ನೀರಿನೊಳಗಿರುವ ಹೆಂಗಸು ತವರಿನ ದಾರಿಯ ಪದವನ್ನು ಹೇಳಿದಾಗ ಅದಕ್ಕೆ ಬೇರೆ ಅರ್ಥ ವಿವರಿಸುವ ಭಾಷಣಕಾರರ ಅಗತ್ಯ ಬೀಳುವುದಿಲ್ಲ.

ಹಾಗೆ ಅವರು ಹಾಡುವಾಗ ಹಾರ್ಮೋನಿಯಂ ತೆರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಸಂಗೀತ ಬಲ್ಲ ನಿಮಗೆ ನಾನು ಹೇಳುವುದು ಅಧಿಕಪ್ರಸಂಗವಾದೀತು, ಆದರೂ ಕಿವಿಯಿಂದ ಕಂಡದ್ದನ್ನು ಹೇಳುತ್ತೇನೆ. ನಮ್ಮ ಕಡೆಯ ಹೆಂಗಸರ ಪದಗಳು ನಾಲ್ಕೈದು ಸ್ವರಗಳ ಒಳಗೇ ಸುತ್ತುತ್ತವೆ, ಶ್ರುತಿ ಹಾಡುತ್ತ ಹಾಡುತ್ತ ಸ್ವಲ್ಪ ಜಾರುತ್ತದೆ, ಎರಡು ಗುಂಪುಗಳು ಒಬ್ಬರು ಬಿಟ್ಟ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತವೆ. ಒಂದು ಕಾರ್ಯಕ್ರಮದಲ್ಲಿ ವಾದ್ಯದವರು ಹಾರ್ಮೋನಿಯಂನ ಮೊದಲ ಕಪ್ಪು ಮನೆಯಲ್ಲಿ ಶ್ರುತಿ ಹಿಡಿದು ಅಜ್ಜಿಯರನ್ನು ಅದಕ್ಕೆ ಎಳೆಯಲು ಹೋಗಿ, ಅವರ ದನಿಯೇ ಕಟ್ಟಿಹೋದದ್ದನ್ನು ನಾನು ನೋಡಿದ್ದೇನೆ. ಅಜ್ಜಿಯರು ತಾವೇ ತಪ್ಪು ಮಾಡಿದೆವೆಂದು ತಲೆ ತಗ್ಗಿಸಿ ಕೂತರು.

ಇನ್ನೊಂದು ವಿಷಯ. ಮುಳುಗಡೆಯವರಲ್ಲಿ ದೀವರ ಸಮುದಾಯದವರು ಬಹಳ ಇದ್ದಾರೆ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುವುದು, ಮನೆಯವರು ಆ ದೀಪಕ್ಕೆ ಎಣ್ಣೆ ಎರೆಯುವುದು ನಿಮಗೂ ಗೊತ್ತಿರುವ ಸಂಗತಿ. ಸಭೆಗೆ ಮುಂಚೆ ಒಂದು ದೀಪ ಹಾಗೆಯೇ ಮನೆಮನೆಗೆ ಹೋಗಿ, ಪ್ರತಿ ಮನೆಯ ಬಾಗಿಲಲ್ಲಿ ಆ ಮನೆಯವರು ತಮ್ಮ ಮುಳುಗಿದ ಊರಿನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿದರೆ ಹೇಗೆ ಎಂದು ನನಗೆ ಅನ್ನಿಸುತ್ತದೆ. ಆದರೆ ಹಬ್ಬದ ದೀಪವನ್ನು ಹಬ್ಬದ ಹೊರಗೆ ತರಬಹುದೇ ಎಂಬುದನ್ನು ಅಲ್ಲಿಯ ಹಾಡುಗಾರರೇ ತೀರ್ಮಾನಿಸಬೇಕು. ಬೇಡ ಎಂದರೆ ಅಲ್ಲಿಗೇ ಬಿಟ್ಟುಬಿಡಿ.

ಕಾಗೋಡಿನ ಮಾತನ್ನೂ ಹೇಳದೆ ಇರಲಾರೆ. 1951ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಆ ಊರಿನಲ್ಲಿ ಗೇಣಿದಾರರು ಗೇಣಿಯ ಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದು ನಿಂತರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಅದನ್ನು ಸಮಾಜವಾದಿ ಚಳವಳಿಯಾಗಿ ಮುನ್ನಡೆಸಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಇಲ್ಲಿಗೇ ಬಂದು ಬಂಧನಕ್ಕೊಳಗಾದರು. ಆ ಸತ್ಯಾಗ್ರಹವನ್ನು ನೆನೆಯುವ ಸಭೆಗಳಿಗೆ ನಾನು ಅನೇಕ ಸಲ ಹೋಗಿದ್ದೇನೆ. ನಾಡಗೀತೆ, ರೈತಗೀತೆ, ಬಳಿಕ ಮೂರು ಗಂಟೆ ಭಾಷಣ. ನಾಯಕರ ಹೆಸರುಗಳು ಹತ್ತು ಸಲ ಬರುತ್ತವೆ; ಸೆರೆಮನೆಗೆ ಹೋದ ಗೇಣಿದಾರರ ಮನೆಗಳನ್ನು ಆಗ ನಡೆಸಿದ ಹೆಂಗಸರ ಹೆಸರು ಒಂದು ಸಲವೂ ಬರುವುದಿಲ್ಲ. ಭಾಷಣಕ್ಕೆ ಬಾರದ ಹೆಸರುಗಳು ಹಾಡಿಗಾದರೂ ಬರಬಹುದಲ್ಲ.

ಉತ್ತರ: ಭದ್ರಾವತಿಯ ಹಳೆಯ ಹಾಡುಗಾರ

ಮೇಷ್ಟ್ರು ಹೇಳಿದ್ದು ಹೆಂಗಸರ ಪದಗಳ ಮಟ್ಟಿಗೆ ಸರಿಯಾಗಿದೆ. ವಾದ್ಯದವರ ವಿಷಯ ಸ್ವಲ್ಪ ಬೇರೆ, ಅದನ್ನು ಯಾರೂ ಕೇಳದಿದ್ದರೂ ನಾನು ಹೇಳಬೇಕಾಗಿದೆ.

ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲದಲ್ಲಿ, 1970ರ ದಶಕದ ನಡುಭಾಗದಲ್ಲಿ, ದಲಿತ ಸಂಘರ್ಷ ಸಮಿತಿ ಇಲ್ಲಿಂದ ಬೆಳೆಯಿತು. ನಾನು ಅದರ ಹಾಡಿನ ತಂಡವೊಂದಕ್ಕೆ ಹುಡುಗನಾಗಿದ್ದಾಗ ಸೇರಿದವನು. ನಮ್ಮ ಹಿರಿಯರಿಗೆ ತಮಟೆ ಸಂಗೀತದ ವಾದ್ಯವಾಗಿರಲಿಲ್ಲ. ಊರಲ್ಲಿ ಸಾವಾದರೆ, ಜಾತ್ರೆಯಾದರೆ, ಹೇಳಿಕಳಿಸಿದ ಕೂಡಲೇ ಹೋಗಿ ಬಡಿಯಲೇಬೇಕಾಗಿದ್ದ ಬಿಟ್ಟಿ ಚಾಕರಿಯಾಗಿತ್ತು. ಆ ಕಾರಣಕ್ಕೇ ಎಷ್ಟೋ ಊರುಗಳಲ್ಲಿ ನಮ್ಮವರು ಇನ್ನು ಮುಂದೆ ತಮಟೆ ಮುಟ್ಟುವುದಿಲ್ಲ ಎಂದು ಪಟ್ಟು ಹಿಡಿದರು. ಅದೇ ತಮಟೆಯನ್ನು ಮೆರವಣಿಗೆಯ ಮುಂದೆ ನಮ್ಮ ಇಷ್ಟದಿಂದ ಬಡಿದಾಗ ಅದರ ಸದ್ದಿನ ಅರ್ಥವೇ ಬದಲಾಯಿತು. ಎರಡೂ ನಿಲುವುಗಳನ್ನು ನಾನು ಗೌರವಿಸುತ್ತೇನೆ. 1986ರಲ್ಲಿ ಸೊರಬದ ಚಂದ್ರಗುತ್ತಿಯಲ್ಲಿ ಭಕ್ತರು ಹರಕೆಗಾಗಿ ಮಾಡುತ್ತಿದ್ದ ಬೆತ್ತಲೆ ಸೇವೆಯ ವಿರುದ್ಧ ಹೋರಾಟ ನಡೆದಾಗ ಬಹುಪಾಲು ಭಕ್ತರು ನಮ್ಮ ಮಾತನ್ನು ಕೇಳಿಸಿಕೊಳ್ಳಲು ಸಿದ್ಧರಿರಲಿಲ್ಲ. ನಮ್ಮ ನಡುವೆ ಆಗ ನಡೆಯುತ್ತಿದ್ದ ಚರ್ಚೆಗಳಲ್ಲಿ ‘ಮಾತಿಗೆ ಕಿವಿ ಮುಚ್ಚಿದವರಿಗೆ ಹಾಡಿನಿಂದ ಹೇಳಬಹುದೇ’ ಎಂಬುದೂ ಒಂದಾಗಿತ್ತು.

ಈಗ ನಿಮ್ಮ ಸಭೆಗೆ ಬರೋಣ. ಅಲ್ಲಿ ಮೆರವಣಿಗೆ ಇದ್ದರೆ ತಮಟೆಯವರನ್ನೋ ಡೊಳ್ಳಿನವರನ್ನೋ ಕರೆಯುವ ಮಾತು ಬಂದೇ ಬರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಹುತಾತ್ಮರ ಸ್ಮರಣೆಗೆ ನಮ್ಮ ತಂಡ ಹೋಗಿತ್ತು. ಎರಡು ಕಿಲೋಮೀಟರ್ ದೂರ ಬಿಸಿಲಲ್ಲಿ ಬಡಿದುಕೊಂಡು ಬಂದೆವು. ಸಭಾಭವನದ ಬಾಗಿಲಿನವರೆಗೆ ತಲುಪಿದಾಗ ಸಂಘಟಕರೊಬ್ಬರು ಬಹಳ ಮರ್ಯಾದೆಯಿಂದಲೇ “ನಿಮ್ಮದು ಮುಗೀತಲ್ಲ, ಆ ಕಡೆ ಊಟ ಇದೆ” ಎಂದರು. ಒಳಗೆ ಸಮಾನತೆಯ ಬಗ್ಗೆ ಭಾಷಣ ನಡೆಯುತ್ತಿತ್ತು, ಹೊರಗೆ ನಾವು ಮರದ ಕೆಳಗೆ ಕೂತಿದ್ದೆವು. ಅವರು ಕೆಟ್ಟ ಮನುಷ್ಯರಲ್ಲ. ಬಡಿಯುವವರು ಕೇಳುವವರೂ ಹೌದು ಎಂಬುದು ಅವರಿಗೆ ಹೊಳೆದಿರಲಿಲ್ಲ, ಅಷ್ಟೇ. ನೀವು ಹಾಡಿನ ಹೊಣೆ ಹೊತ್ತವರಾದ್ದರಿಂದ ಈ ಒಂದನ್ನು ಕೈಯಲ್ಲಿ ಹಿಡಿಯಿರಿ: ಬಡಿದವರು ಸಭೆಯ ಮುಂದಿನ ಸಾಲಿನಲ್ಲಿ ಕೂರಬೇಕು, ಅವರಲ್ಲಿ ಮಾತಾಡಬೇಕೆನ್ನುವವರಿಗೆ ಮೈಕು ಸಿಗಬೇಕು, ಊಟ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ನಡೆಯಬೇಕು.

ಸಂಭಾವನೆಯ ವಿಷಯದಲ್ಲಿ ಸಂಕೋಚ ಬೇಡ. ನೀವು ಬೇಡವೆನ್ನಬಹುದು, ಅದು ನಿಮ್ಮ ಇಷ್ಟ. ಆದರೆ ನೀವು ಬೇಡವೆಂದದ್ದನ್ನೇ ತೋರಿಸಿ ದಿನಗೂಲಿ ಬಿಟ್ಟು ಬರುವ ವಾದ್ಯದವರಿಗೂ ಕೊಡದೆ ಕಳಿಸುವುದು ನಡೆಯುತ್ತದೆ. ಬಸ್ಸಿನ ಖರ್ಚು, ಆ ದಿನದ ಕೂಲಿ, ಇವೆರಡು ಅವರ ಕೈಗೆ ಮೊದಲೇ ತಲುಪಲಿ.

ಕೊನೆಗೊಂದು ಸಣ್ಣ ಮಾತು: ಮೇ ತಿಂಗಳ ಸಂಜೆ ನಮ್ಮಲ್ಲಿ ಯಾವಾಗ ಮಳೆ ಹೊಡೆಯುತ್ತದೆ ಎಂದು ಹೇಳಲಾಗದು. ತಂಡಿ ಹಿಡಿದರೆ ಚರ್ಮ ಸಡಿಲಾಗಿ ತಮಟೆ ಮೂಕವಾಗುತ್ತದೆ. ಚರ್ಮ ಕಾಯಿಸಲು ಒಣಹುಲ್ಲು, ಬೆಂಕಿ ಹಾಕಲು ಮಳೆ ಬೀಳದ ಒಂದು ಮೂಲೆ, ಇದನ್ನು ಮೊದಲೇ ಹೇಳಿಡಿ.

ಉತ್ತರ: ಹೊಸನಗರದಿಂದ

ಮೇಲಿನ ಇಬ್ಬರ ಅನುಭವಕ್ಕೂ ಕೈ ಮುಗಿಯುತ್ತೇನೆ, ಆದರೆ ನನ್ನ ಅನುಮಾನ ಬೇರೆ. ನಾನೂ ಮುಳುಗಡೆಯ ಮನೆಯ ಮೂರನೆಯ ತಲೆಮಾರಿನವನು. ನಮ್ಮ ಊರಲ್ಲಿ ಇಂಥ ಸಭೆಗಳು ನಡೆದಾಗಲೆಲ್ಲ ಎಲ್ಲರೂ ಹಾಡಿ, ಅತ್ತು, ಹಗುರವಾಗಿ ಮನೆಗೆ ಹೋಗುತ್ತಾರೆ. ಬಂದಿದ್ದ ಅಧಿಕಾರಿಗಳೂ ಹಗುರವಾಗಿಯೇ ಹೋಗುತ್ತಾರೆ. ನಮಗೆ ಕೊಟ್ಟ ಜಮೀನು ಕಾಗದದಲ್ಲಿ ಅರಣ್ಯವಾಗಿಯೇ ಉಳಿದಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ರಾಜ್ಯವೊಂದೇ ಅದನ್ನು ಅರಣ್ಯದ ಪಟ್ಟಿಯಿಂದ ಬಿಡಿಸಲು ಬರುವುದಿಲ್ಲ. ಅದಕ್ಕೆ ಮುಂಚೆ ಇದ್ದ ಹದಿನೈದು ಹದಿನಾರು ವರ್ಷಗಳಲ್ಲಿ ಆಗಬೇಕಿದ್ದ ಕೆಲಸ ಆಗಲಿಲ್ಲ, ಅದರ ಫಲವನ್ನು ನಾವು ಉಣ್ಣುತ್ತಿದ್ದೇವೆ. ಈ ಗಂಟನ್ನು ಯಾವ ರಾಗವೂ ಬಿಡಿಸಲಾರದು. ಹಾಡು ಬೇಡವೆನ್ನುತ್ತಿಲ್ಲ. ಪ್ರತಿ ಎರಡು ಹಾಡುಗಳ ನಡುವೆ ಊರಿನವರೊಬ್ಬರು ಎದ್ದು, ಯಾವ ಅರ್ಜಿ ಯಾವ ದಿನ ಕೊಟ್ಟೆವು, ಈಗ ಅದು ಯಾವ ಕಚೇರಿಯ ಯಾವ ಮೇಜಿನ ಮೇಲಿದೆ ಎಂದು ಓದಲಿ. ಕೇಳುವವರಿಗೆ ಬೇಸರ ಬಂದರೂ ಚಿಂತೆಯಿಲ್ಲ. ಅರುವತ್ತು ವರ್ಷದಿಂದ ನಮಗೂ ಅದು ಬೇಸರದ ಓದೇ ಆಗಿದೆ.

ಉತ್ತರ: ಶಂಕರಘಟ್ಟದ ಸಂಶೋಧನಾ ವಿದ್ಯಾರ್ಥಿನಿ

ಹೊಸನಗರದವರ ಆಕ್ಷೇಪ ಸರಿಯಾದದ್ದು. ಆದರೆ ಹಾಡು ಮನಸ್ಸನ್ನು ಹಗುರ ಮಾಡಿ ಕಳಿಸಿಬಿಡುವುದೇ ಯಾವಾಗಲೂ ನಡೆಯುತ್ತದೆ ಎಂದು ನನಗನ್ನಿಸುವುದಿಲ್ಲ. ನಾನು ಓದುತ್ತಿರುವ ವಿಷಯಕ್ಕೆ ಹತ್ತಿರದ ಒಂದು ಉದಾಹರಣೆಯಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಆಲ್ಬನಿ ಊರಿನಲ್ಲಿ 1961ರ ಕೊನೆಯಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಶುರುವಾದಾಗ ಸಭೆಗಳು ಚರ್ಚುಗಳಲ್ಲಿ ಸೇರುತ್ತಿದ್ದವು. ಜನ ಚಿಕ್ಕಂದಿನಿಂದ ಹಾಡಿಕೊಂಡು ಬಂದ ಭಕ್ತಿಗೀತೆಗಳ ಧಾಟಿಯನ್ನು ಹಾಗೆಯೇ ಇಟ್ಟುಕೊಂಡು, ಒಂದೆರಡು ಮಾತುಗಳನ್ನು ಮಾತ್ರ ಬದಲಿಸಿ, ಆ ವಾರ ಜೈಲಿಗೆ ಹೋದವರ ಸುದ್ದಿಯನ್ನೋ ಅಧಿಕಾರಿಯ ಹೆಸರನ್ನೋ ಅದರೊಳಗೆ ಸೇರಿಸಿ ಹಾಡುತ್ತಿದ್ದರು. ಅಲ್ಲಿಂದಲೇ 1962ರಲ್ಲಿ ನಾಲ್ವರು ಯುವಜನರ ‘ಫ್ರೀಡಂ ಸಿಂಗರ್ಸ್’ ತಂಡ ಹುಟ್ಟಿತು. ಅವರಲ್ಲೊಬ್ಬರಾದ ಬರ್ನಿಸ್ ಜಾನ್ಸನ್ ರೇಗನ್ ಮುಂದೆ ಈ ಪರಂಪರೆಯ ದೊಡ್ಡ ವಿದ್ವಾಂಸೆಯೂ ಆದರು. ಆ ತಂಡ ಊರೂರು ಸುತ್ತಿ ಹೋರಾಟದಲ್ಲಿದ್ದ ವಿದ್ಯಾರ್ಥಿ ಸಂಘಟನೆಗೆ ಹಣ ಕೂಡಿಸಿತು, ಅಂದರೆ ಹಾಡಿನ ಗಳಿಕೆ ನೇರವಾಗಿ ಹೋರಾಟದ ಖರ್ಚಿಗೆ ಹೋಗುತ್ತಿತ್ತು. ಅದೇ ಹೋರಾಟದಲ್ಲಿ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಸೇತುವೆಯ ಮೇಲೆ 1965ರ ಮಾರ್ಚ್ 7ರಂದು ಪೊಲೀಸರು ಮೆರವಣಿಗೆಯವರನ್ನು ಹೊಡೆದುರುಳಿಸಿದ ದಿನವನ್ನು ನೆನೆಯಲು ಇಂದಿಗೂ ಜನ ಅದೇ ಸೇತುವೆಯನ್ನು ದಾಟುತ್ತಾರೆ.

ಆಲ್ಬನಿಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಹಾಡುಗಾರರ ಸ್ಥಾನ. ಅವರು ಕಛೇರಿ ಕೊಡುವವರಾಗಿ ನಿಲ್ಲಲಿಲ್ಲ. ಮೊದಲ ಸಾಲನ್ನು ಎತ್ತಿಕೊಟ್ಟು ಉಳಿದದ್ದನ್ನು ಸಭೆಗೆ ಬಿಟ್ಟುಬಿಡುತ್ತಿದ್ದರು. ನಮ್ಮ ಭಜನೆಯವರು ಮಾಡುವುದೂ ಇದನ್ನೇ ಅಲ್ಲವೇ? ಮೇಡಂ, ಹೊಸನಗರದವರು ಹೇಳಿದ ಅರ್ಜಿಯ ವಿವರವನ್ನು ಓದುವುದರ ಬದಲು, ಊರಿನವರಿಗೆ ಗೊತ್ತಿರುವ ಒಂದು ಧಾಟಿಯಲ್ಲಿ ಅವರಿಂದಲೇ ಕಟ್ಟಿಸಿ ಹಾಡಿಸಲು ಸಾಧ್ಯವೇ ನೋಡಿ. ಹಾಗೆ ಕಟ್ಟಿದ ಹಾಡು ಮುಂದಿನ ಧರಣಿಗೂ ಅವರ ಜೊತೆ ಹೋಗುತ್ತದೆ, ಆಗ ನೀವು ಅಲ್ಲಿ ಇರಲೇಬೇಕೆಂದಿಲ್ಲ.

ಕಾನೂನಿನ ಎರಡು ಮಾತು ಬೇಗ ಹೇಳಿಬಿಡುತ್ತೇನೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು; 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಹಾಕುವಂತಿಲ್ಲ, ಆದ್ದರಿಂದ ದೀಪದ ನಡಿಗೆ ಸಂಜೆಯೇ ಹೊರಡಲಿ. ಕವಿಗಳ ರಚನೆಗಳಿಗೆ ಅವರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹವ್ಯಾಸಿ ಸಂಘವೊಂದು ಟಿಕೆಟ್ಟಿಲ್ಲದೆ ಜನರ ಮುಂದೆ ಹಾಡಿಸುವುದಕ್ಕೆ 1957ರ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಅದನ್ನೇ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವುದು ಬೇರೆಯೇ ಮಾತು. ಅಜ್ಜಿಯರ ಪದಗಳನ್ನು ಚಿತ್ರೀಕರಿಸುವುದಾದರೆ ಕಾನೂನು ಹೇಳಲಿ ಬಿಡಲಿ, ಅವರನ್ನು ಕೇಳಿ, ಹಾಡಿದವರ ಹೆಸರು ಹಾಕಿ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ಮೊನ್ನೆ ಭಾನುವಾರ ಆ ಊರಿಗೆ ಹೋಗಿದ್ದೆ. ಮೇಷ್ಟ್ರು ಹೇಳಿದಂತೆಯೇ ಆಯಿತು, ಮೊದಲ ಒಂದು ಗಂಟೆ ಯಾರೂ ಬಾಯಿ ತೆರೆಯಲಿಲ್ಲ. ಚಹಾ ಕುಡಿಯುವಾಗ ನಾನು ಒಂದು ಸೋಬಾನೆಯ ಸಾಲನ್ನು ಎತ್ತಿದೆ, ನಿಜವಾಗಿಯೂ ತಪ್ಪಾಗಿತ್ತು, ಹಿರಿಯರೊಬ್ಬರು ನಗುತ್ತ ತಿದ್ದಿದರು. ಸಂಜೆಯವರೆಗೆ ನನಗೆ ಏಳು ಪದಗಳು ಸಿಕ್ಕವು. ದೀಪವನ್ನು ಹಬ್ಬದ ಹೊರಗೆ ತರುವುದು ಬೇಡ ಎಂದರು. ಅದಕ್ಕೆ ಬದಲು ಮಕ್ಕಳು ಲಾಟೀನು ಹಿಡಿದು ಮನೆಮನೆಗೆ ಹೋಗಲಿ ಎಂದು ಅವರೇ ಸೂಚಿಸಿದರು. ತಮಟೆಯವರನ್ನು ಕರೆಯುವುದಾದರೆ ಯಾವ ರೀತಿ ಕರೆಯಬೇಕು ಎಂಬುದನ್ನು ಭದ್ರಾವತಿಯ ಹಿರಿಯರ ಮಾತುಗಳಲ್ಲೇ ಸಮಿತಿಯವರಿಗೆ ಓದಿ ಹೇಳಿದೆ. ಒಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟದ ಏರ್ಪಾಟನ್ನು ಬದಲಿಸುತ್ತೇವೆ ಎಂದರು.

ಅರ್ಜಿಯ ಹಾಡು ಇನ್ನೂ ಕೈಗೆ ಬಂದಿಲ್ಲ. ಹೊಸನಗರದವರು ಒಪ್ಪುವುದಾದರೆ ಅವರೇ ಒಂದು ದಿನ ಬಂದು, ಕಡತದ ತಾರೀಕುಗಳನ್ನು ಹಿರಿಯರ ಜೊತೆ ಕುಳಿತು ಸರಿಪಡಿಸಿಕೊಡಬೇಕೆಂದು ವಿನಂತಿ. ಧಾಟಿಗೆ ಹೊಂದಿಸುವ ಕೆಲಸವನ್ನು ನಾನೂ ಆ ಊರಿನ ಹುಡುಗಿಯರೂ ನೋಡಿಕೊಳ್ಳುತ್ತೇವೆ. ಹಾರ್ಮೋನಿಯಂ ಮನೆಯಲ್ಲೇ ಇರುತ್ತದೆ. ಮುಳುಗಿದ ಊರುಗಳ, ಕೇರಿಗಳ ಹೆಸರುಗಳ ಪಟ್ಟಿ ಮಾಡುತ್ತಿದ್ದೇನೆ. ಇದನ್ನು ಓದುವವರಲ್ಲಿ ಯಾರಿಗಾದರೂ ಅಂಥ ಹೆಸರು ತಿಳಿದಿದ್ದರೆ, ನಕಾಶೆಯಲ್ಲಿ ಇರುವಂತಲ್ಲ, ಅಲ್ಲಿಯವರ ಬಾಯಲ್ಲಿ ಹೇಗಿತ್ತೋ ಹಾಗೆ ಕೆಳಗೆ ಬರೆದು ತಿಳಿಸಿ.